ಬೆಲ್ಲದ ಅಯ್ಯನವರು ಹಳ್ಳಕ್ಕಿಳಿದದ್ದು

ಕಳೆದ ಭಾನುವಾರ ನಮ್ಮ ಅಯ್ಯನವರ ರುಮಾಲು ಹಳ್ಳದಲ್ಲಿ ತೇಲಿಹೋಯಿತು. ಅದರ ಹಿಂದೆ ಅಯ್ಯನವರೂ ಹೋಗುವವರಿದ್ದರು.

ನಾನು ದಡದಲ್ಲಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಕೆಂಪು ನೀರು, ಅದರ ಮೇಲೆ ಒಂದು ಕೈ. (ಅಕ್ಷರ ಸೊಟ್ಟಗಿದ್ದರೆ ಪತ್ರಿಕೆಯ ಅಚ್ಚುಮೊಳೆ ಜೋಡಿಸುವವರು ಕ್ಷಮಿಸಬೇಕು.)

ನಮ್ಮ ಚರ್ಚಿನ ಪಾದ್ರಿಗಳಾದ ಅಯ್ಯನವರ ವಾಸ ತರೀಕೆರೆ. ಅಜ್ಜಂಪುರದ ಸಣ್ಣ ಸಭೆಯೂ ಅವರ ಹೊಣೆಯೇ. ಎರಡು ವಾರಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ಹೋಗಿ ಆರಾಧನೆ ನಡೆಸುತ್ತಾರೆ. ಈ ಮಳೆಗಾಲದಲ್ಲಿ ಹಳ್ಳ ತುಂಬಿ ಒಂದು ಸಲ ಹೋಗಲಾಗಲಿಲ್ಲ. ಮುಂದಿನ ಸಲ ಹೋದಾಗ, ಎಲ್ಲರೂ ಬಾಗಿಲಲ್ಲಿ ಕೈಮುಗಿದು ಹೊರಡುತ್ತಿದ್ದಾಗ, ಸಭೆಯ ಹಿರಿಯರಾದ ರೈಲ್ವೆ ಗೂಡ್ಸ್ ಗುಮಾಸ್ತ ದೇವಪ್ರಸಾದಪ್ಪನವರು ಅಂದರು:

“ನಮ್ ಅಯ್ಯನೋರು ಬೆಲ್ಲ ಕಣ್ರಪ್ಪ. ನೀರ್ ಬಿದ್ರೆ ಕರಗೋಯ್ತಾರೆ!”

ಎಲ್ಲರೂ ನಕ್ಕರು. ಅಯ್ಯನವರೂ ನಕ್ಕರು. ಮುಗಿಯಿತು.

ಮುಗಿಯಿತೇ?

ಭಾನುವಾರ ಅಜ್ಜಂಪುರದ ನೆಂಟರ ಮನೆಗೆಂದು ನಾನೂ ಅವರ ಗಾಡಿ ಹತ್ತಿದ್ದೆ. ದಾರಿಯ ಹಳ್ಳ ಉಕ್ಕುತ್ತಿತ್ತು. (ಸೇತುವೆ ಬೇಕೆಂದು ಅಮಲ್ದಾರರಿಗೆ ಅರ್ಜಿ ಹೋಗಿ ಎಷ್ಟೋ ಕಾಲವಾಯಿತು.) ಗಾಡಿಯ ಸಿದ್ದಣ್ಣ ಎತ್ತು ನಿಲ್ಲಿಸಿದ.

“ಬ್ಯಾಡಿ ಸ್ವಾಮಿ. ಒಸಿ ಹೊತ್ತು ಕೂತ್ಕಳಿ, ತಾನೇ ಇಳೀತದೆ. ನೀರಿನ್ ಜತೆ ಏನ್ ಹಟ?”

“ಅಲ್ಲಿ ಕಾಯ್ತಿರ್ತಾರೆ, ಸಿದ್ದಣ್ಣ,” ಅಂದರು ಅಯ್ಯನವರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ನಾನು ಬೆಲ್ಲ ಅಲ್ಲ ಅಂತ ಗೊತ್ತಾಗ್ಲಿ ಬಿಡಿ ಮೇಷ್ಟ್ರೇ.”

ಪಂಚೆ ಎತ್ತಿಕಟ್ಟಿ ಇಳಿದೇಬಿಟ್ಟರು. ಸಿದ್ದಣ್ಣ ಬೈದುಕೊಳ್ಳುತ್ತಲೇ ಗಾಡಿಯ ಹಗ್ಗವನ್ನು ಅವರ ಸೊಂಟಕ್ಕೆ ಬಿಗಿದ. ಅಷ್ಟೇ ಪುಣ್ಯ. ನಡುಹಳ್ಳದಲ್ಲಿ ಕಾಲು ಜಾರಿತು. ರುಮಾಲು ಹೋಯಿತು, ಆಮೇಲೆ ತಲೆಯೂ ಕಾಣಲಿಲ್ಲ. ನಾವಿಬ್ಬರೂ ಹಗ್ಗ ಎಳೆದೆವು. ಎಷ್ಟು ಹೊತ್ತು ಎಳೆದೆವೋ, ನನ್ನ ಅಂಗೈ ಚರ್ಮ ಕಿತ್ತುಬಂದಿತ್ತು.

ಅವರು ಕೆಮ್ಮಿ, ನೀರು ಕಕ್ಕಿ ಸುಧಾರಿಸಿಕೊಳ್ಳುವಷ್ಟರಲ್ಲಿ ಹಳ್ಳ ತಾನಾಗಿಯೇ ಇಳಿಯಿತು. ಗಾಡಿಯಲ್ಲೇ ದಾಟಿದೆವು!

ಬಿ.ಎ. ಓದಿದ್ದೇನೆ. ಆದರೆ ಒಂದು ಮಾತಿಗೆ ಇಷ್ಟು ಸೆಳವಿದೆಯೆಂದು ಯಾವ ಕ್ಲಾಸಿನಲ್ಲೂ ಕಲಿತಿರಲಿಲ್ಲ.

ಒದ್ದೆಮುದ್ದೆಯಾದ ಅಯ್ಯನವರನ್ನು ನೋಡಿ ದೇವಪ್ರಸಾದಪ್ಪನವರ ಮುಖ ಬಿಳಿಚಿತು. “ಅಯ್ಯೋ, ನಾನ್ ತಮಾಷೆಗಂದೆ ಕಣ್ರೀ!” ಸುಳ್ಳಲ್ಲ. ಅವರು ಒಳ್ಳೆಯವರೇ. ಆ ಮಾತನ್ನು ಊಟಕ್ಕೆ ಕೂರುವ ಹೊತ್ತಿಗೇ ಮರೆತಿದ್ದರು. ಹೊತ್ತು ತಿರುಗಿದವರು ಇನ್ನೊಬ್ಬರು.

ನಾವೆಲ್ಲ ಹೀಗೇ ಅಲ್ಲವೇ? ಅಯ್ಯನವರ ಉಪದೇಶ ಚೆನ್ನಾಗಿದ್ದರೆ ಹೊಗಳಲು ಬಾಯಿ ಬಿಡುವುದಿಲ್ಲ. ತುಸು ಉದ್ದವಾಯಿತೋ, “ಮನೇಲಿ ಮುದ್ದೆ ಆರೋಯ್ತು ಅಯ್ಯನೋರೇ!” (ಮುಖಸ್ತುತಿ ಮಾಡಿ ಅನ್ನುತ್ತಿಲ್ಲ. ತಪ್ಪಿದ್ದರೆ ಹೇಳಿ. ಅವರೊಬ್ಬರೇ ಇದ್ದಾಗ ಹೇಳಿ.)

ಅಂದು ಆರಾಧನೆ ಮುಗಿದ ಮೇಲೆ ಮುದುಕಿ ರಾಹೇಲಮ್ಮ ಅಯ್ಯನವರನ್ನು ಬಾಗಿಲಲ್ಲೇ ಗದರಿದರು. “ಬುದ್ಧಿ ಇಲ್ವೇನಪ್ಪ ನಿಂಗೆ? ತಡವಾಗಿ ಬಂದಿದ್ರೆ ದೇವ್ರೇನ್ ಎದ್ದೋಗ್ತಿದ್ನಾ?” ಆಮೇಲೆ ದನಿ ತಗ್ಗಿಸಿದರು. “ಹೋದ್ ಸಲ ನೀನ್ ಹೇಳಿದ್ದು ಕೇಳಿ ವಾರಗಿತ್ತಿ ಮನೆಗೆ ಹೋಗಿದ್ದೆ ಕಣಪ್ಪ. ನಾವ್ ಮಾತು ಬಿಟ್ಟು ಕಾಲ ಆಗಿತ್ತು. ಇಬ್ರೂ ಕೂತ್ಕಂಡ್ ಅತ್ವಿ. ನೀನ್ ಕೊಚ್ಕಂಡೋದ್ರೆ ಇಂಥದ್ನ ನಮ್ಗೆ ಹೇಳೋರ್ ಯಾರು?”

ಅಯ್ಯನವರು ಮುದುಕಿಯ ಕೈ ಹಿಡಿದುಕೊಂಡರು.

ಸಂಜೆ ಹಿಂದಿರುಗುವಾಗ, ಮೇಲೆಲ್ಲೋ ಮಳೆಯಾಗಿ ಹಳ್ಳ ಮತ್ತೆ ತುಂಬಿತ್ತು. ನಾನು ಹಗ್ಗಕ್ಕೆ ಕೈಹಾಕಿದೆ. ಅಯ್ಯನವರು ಗಾಡಿಯಿಂದ ಇಳಿದರು. ನೀರನ್ನು ಒಮ್ಮೆ ನೋಡಿದರು. ಆಮೇಲೆ ದಡದ ಕಲ್ಲಿನ ಮೇಲೆ ಆರಾಮವಾಗಿ ಕೂತರು.

“ಕಾಯೋಣ ಸಿದ್ದಣ್ಣ. ಎತ್ತು ಬಿಚ್ಚಿ ಮೇಯೋಕೆ ಬಿಡು.”

ನಿಮ್ಮೂರಿನ ಅಯ್ಯನವರೂ ಒಂದು ದಿನ ಇಂಥ ದಡದಲ್ಲಿ ನಿಲ್ಲುತ್ತಾರೆ. ಆಗ ಅವರ ಕಿವಿಯಲ್ಲಿರುವುದು ನಿಮ್ಮ ಯಾವ ಮಾತು?