ಕುಚ್ಚಲಕ್ಕಿ ಡಬ್ಬದ ಲ್ಯಾಪ್‌ಟಾಪ್

ನಮ್ಮ ಮನೆಯ ಲ್ಯಾಪ್‌ಟಾಪಿಗೆ ನಾನೇ ವೈದ್ಯ. ಅದನ್ನು ಆಫ್ ಮಾಡಿ ಮತ್ತೆ ಆನ್ ಮಾಡುವ ಧೈರ್ಯ ನನಗೊಬ್ಬನಿಗೇ ಇದ್ದುದರಿಂದ ಈ ಪದವಿ ತಾನಾಗಿ ಬಂತು.

ಆದರೆ ಅದನ್ನು ನಂಬಿರುವುದು ನನ್ನ ಹೆಂಡತಿ ಸರೋಜಳ ಭಾನುವಾರದ ಪಾಠ. ನಮ್ಮೂರು ಯಡ್ತರೆಯ ಕಡೆಯಿಂದ ಮುಂಬಯಿಗೆ ಹೋಗಿ ಹೋಟೆಲ್ ಇಟ್ಟವರ ಮೊಮ್ಮಕ್ಕಳಿಗೆ ಅವಳು ವಿಡಿಯೋ ಕರೆಯಲ್ಲಿ ಕುಂದಾಪ್ರ ಕನ್ನಡ ಕಲಿಸುತ್ತಾಳೆ. ರಜೆಗೆ ಬಂದ ಮಕ್ಕಳು ಅಜ್ಜಿಯ ಹತ್ತಿರ ನಾಲ್ಕು ಮಾತಾಡಲಿ ಎಂದು. ಒಂಬತ್ತು ಮಕ್ಕಳಿದ್ದರು. ಪಾಠದ ನಡುವೆ ಲ್ಯಾಪ್‌ಟಾಪ್ ಅವಳನ್ನು ಬಾಯಿ ತೆರೆದಂತೆಯೇ ನಿಲ್ಲಿಸತೊಡಗಿದ ಮೇಲೆ ಮೂವರು ಉಳಿದರು. ಸರೋಜ ಪಾಠದ ಪುಸ್ತಕವನ್ನು ಅಟ್ಟಕ್ಕೆ ಏರಿಸಿದಳು. ನನಗೆ ನಿಜವಾಗಿ ಸಂಕಟವಾಯಿತು. ಆದರೂ ಅವಳೇ ಪರದೆಯಲ್ಲಿ ಒಟ್ಟಿಗೆ ಹತ್ತಾರು ಕಿಟಕಿ ತೆರೆದಿಡುತ್ತಾಳೆಂದು ತಪ್ಪು ಹೊರಿಸಿ, ರ್ಯಾಮ್ ಹೆಚ್ಚಿಸಲು ಕುಂದಾಪುರದ ಬಸ್ಸು ಹತ್ತಿದೆ.

ರ್ಯಾಮ್ ಎಂದರೆ ಅಡುಗೆಮನೆಯ ಕಟ್ಟೆ. ಉಗ್ರಾಣ ಎಷ್ಟೇ ದೊಡ್ಡದಿರಲಿ, ಕಟ್ಟೆ ಗೇಣುದ್ದವಿದ್ದರೆ ಹತ್ತು ಪಾತ್ರೆ ಇಡುವುದೆಲ್ಲಿ? ಇದನ್ನು ಪಕ್ಕದ ಸೀಟಿನವರಿಗೆ ವಿವರಿಸಿದೆ. ಮರವಂತೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು.

ರಿಪೇರಿಯ ಗಣಪತಿ ಹಿಂಬದಿಯ ಸ್ಕ್ರೂ ಬಿಚ್ಚಿ, "ಹ್ವಾಯ್, ಇದ್ರೊಳ್ಗೆ ಎಂತ ಮಾರಾಯ್ರೆ, ತೌಡಾ?" ಎಂದರು.

ತೌಡೇ. ಒದ್ದೆಯಾದ ಮೊಬೈಲನ್ನು ಜನ ಅಕ್ಕಿಯಲ್ಲಿ ಇಡುತ್ತಾರಲ್ಲ. ಒದ್ದೆಯಾಗುವ ಮೊದಲೇ ಇಟ್ಟರೆ ಇನ್ನೂ ಒಳ್ಳೆಯದೆಂಬುದು ನನ್ನ ಸಂಶೋಧನೆ. ಮಳೆಗಾಲವಿಡೀ ಲ್ಯಾಪ್‌ಟಾಪನ್ನು ಹಳೆ ಪಂಚೆಯಲ್ಲಿ ಸುತ್ತಿ ಕುಚ್ಚಲಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದೆ. ತೌಡಿಗೆ ಒಳಗಿನ ಫ್ಯಾನು ಕಟ್ಟಿಹೋಗಿ, ಯಂತ್ರ ಬಿಸಿಯೇರಿ ನಿಲ್ಲುತ್ತಿತ್ತು.

"ಅಕ್ಕಿಯೊಳ್ಗೆ ಇಡುಕೆ ಇದೆಂತ ಚಿಕ್ಕು ಹಣ್ಣಾ?"

ಗಣಪತಿ ತೌಡು ಕೊಡವಿ, ನಾಲ್ಕು ಜಿಬಿ ರ್ಯಾಮಿನ ಜಾಗಕ್ಕೆ ಎಂಟರದ್ದು ಕೂರಿಸಿದರು. ಮನೆಗೆ ಬಂದು ತೌಡಿನ ವಿಷಯ ಒಪ್ಪಿಕೊಂಡೆ.

"ಹಂಗಾರೆ ನನ್ ತಪ್ಪಲ್ಲ ಅಂದಾಯ್ತ್," ಎಂದ ಸರೋಜ ಅಟ್ಟದಿಂದ ಪುಸ್ತಕ ಇಳಿಸಿದಳು.

ಭಾನುವಾರ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಸರೋಜಳೂ ನಿಲ್ಲಲಿಲ್ಲ. ಐದು ನಿಮಿಷವಾಗುವಾಗ ಮುಂಬಯಿಯ ಹುಡುಗಿಯೊಬ್ಬಳು ಕೈ ಎತ್ತಿದಳು.

"ಟೀಚರ್, ಸ್ಲೋ ಹೇಳಿ. ಮೊದ್ಲು ನೀವು ಹ್ಯಾಂಗ್ ಆದಾಗ ನಾವು ಆ ಮಾತನ್ನ ಹೇಳಿ ನೋಡ್ತಿದ್ವು."

ಸರೋಜ ಪುಸ್ತಕ ಕೆಳಗಿಟ್ಟಳು. "ಆಯ್ತ್ ಮಗಾ, ಇನ್ನ್ ನಾನೇ ನಿಲ್ತೆ."

ಮದುವೆಯಾಗಿ ಮೂವತ್ತೆರಡು ವರ್ಷಗಳಲ್ಲಿ ನನ್ನ ಕೋರಿಕೆಗೆ ಅವಳು ಹಾಗೆ ನಿಂತದ್ದಿಲ್ಲ. ‘ಬರುತ್ತೇನೆ’ ಎನ್ನುವುದನ್ನು ಅವಳು ಕುಂದಾಪ್ರದಲ್ಲಿ ಹೇಳಿಕೊಡುತ್ತಿದ್ದಾಗ ನಾನು ಚಹಾ ಮಾಡಲು ಒಳಗೆ ಹೋದೆ. ಮರಳಿ ಬಂದು ನೋಡಿದರೆ ಪರದೆಯಲ್ಲಿ ಸರೋಜ ಅಲುಗಾಡದೆ ಕೂತಿದ್ದಾಳೆ. ಆಫ್ ಮಾಡಲು ಓಡಿ ಕೈ ಚಾಚಿದೆ.

ಅವಳು ನನ್ನ ಕೈ ಹಿಡಿದಳು. ಮುಂಬಯಿಯಿಂದ ಮೂರು ದನಿ ಒಟ್ಟಿಗೆ ಬಂತು: "ಅಜ್ಜಿ, ನಾನ್ ಬತ್ತೆ."