ಒಡೆಯದ ಫೋನು, ತಪ್ಪಾಗಿ ಕೇಳಿದ ಮಾತು

ಕೊಚ್ಚಿಯ ಕಲೂರಿನ ಮೊಬೈಲ್ ಅಂಗಡಿಯವನು ಹೊಚ್ಚಹೊಸ ಫೋನನ್ನು ನಮ್ಮೆದುರೇ ಸಿಮೆಂಟು ಮೆಟ್ಟಿಲ ಮೇಲೆ ಬೀಳಿಸಿದ. ಸೆರಾಮಿಕ್ ಬೆರೆಸಿದ ಹೊಸ ಬಗೆಯ ಗಾಜಂತೆ. ಒಂದು ಗೀರೂ ಬಿದ್ದಿರಲಿಲ್ಲ. ಅವನು ಅದನ್ನೆತ್ತಿ, ನನ್ನ ಸೊಸೆಯ ಮುಖ ನೋಡಿ ನಗುತ್ತಾ, "ಪೊಟ್ಟಿಲ್ಲ ಚೇಚ್ಚೀ, ಪೊಟ್ಟಿಲ್ಲ" ಎಂದ.

ಇಲ್ಲೇ ಕೆಲಸದಲ್ಲಿರುವ ಸೊಸೆಯನ್ನು ನೋಡಲು ಮೈಸೂರಿನಿಂದ ಬಂದ ನನಗೆ ಮಲಯಾಳಂ ಬಾರದು. "ಬೊಟ್ಟಿಲ್ಲ" ಎಂದು ಕೇಳಿಸಿತು. ಅವಳ ಹಣೆ ಬರಿದಾಗಿತ್ತು.

"ಅವಳು ಬೊಟ್ಟಿಟ್ಟರೆ ನಿನಗೇನು, ಬಿಟ್ಟರೆ ನಿನಗೇನಯ್ಯಾ?" ಎಂದು ಕೂಗಾಡಿದೆ.

ಸೊಸೆ ನನ್ನ ತೋಳು ಹಿಡಿದಳು. "ಒಡೆಯಲ್ಲ ಅಕ್ಕಾ ಅಂತಿದ್ದಾರೆ ಮಾವ, ಅಷ್ಟೆ. ಇಲ್ಲಿ ಯಾರೂ ನನ್ನ ಬೊಟ್ಟಿನ ಮಾತು ಎತ್ತಿಲ್ಲ."

ಎತ್ತಿದವನು ನಾನೇ. ನನ್ನ ಮಗ ತೀರಿಕೊಂಡ ಹದಿಮೂರನೇ ದಿನ, ನೆಂಟರೆದುರು, "ಇನ್ನು ಅದೆಲ್ಲ ಬೇಡಮ್ಮ" ಎಂದು ಅವಳ ಬೊಟ್ಟು ತೆಗೆಸಿದ್ದೆ.

ಅಂಗಡಿಯವನ ಕ್ಷಮೆಯನ್ನು ಅಲ್ಲೇ ಕೇಳಿದೆ. ಅವಳ ಕ್ಷಮೆ ಕೇಳುವ ಹೊತ್ತಿಗೆ ಬಸ್ ಸ್ಟ್ಯಾಂಡ್ ಬಂದಿತ್ತು. "ಅವತ್ತು ತಪ್ಪು ಮಾಡಿದೆ. ಇನ್ಮೇಲೆ ಇಟ್ಕೊಳ್ಳಮ್ಮ" ಎಂದೆ.

"ತೆಗಿ ಅಂದಿದ್ದೂ ನೀವೇ, ಇಟ್ಕೋ ಅನ್ನೋರೂ ನೀವೇನಾ ಮಾವ?" ಎಂದಳು.

ಇಡುವುದೂ ಬಿಡುವುದೂ ಅವಳ ಇಷ್ಟ ಎಂದು ಆ ಹದಿಮೂರನೇ ದಿನವೇ ನಾನು ನೆಂಟರಿಗೆ ಹೇಳಬೇಕಿತ್ತು.