ಬೆಳೆಗೆ ಮುಂಚೆ ನೆಟ್ಟ ಮೇಟಿ

ನನ್ನ ಅತ್ತೆಗೂ ನನಗೂ ಮೊದಲ ವರ್ಷ ಆದ ಜಗಳವೆಲ್ಲ ಬತ್ತದ್ದೇ. ನಾನು ನಾಗಮಂಗಲದ ಕಡೆಯವಳು, ಹೊಣಕೆರೆ ಹತ್ತಿರದ ಒಣಭೂಮಿಯವಳು. ರಾಗಿ ಬೀಸಿ ಗೊತ್ತೇ ಹೊರತು ದಿನಬೆಳಗಾದರೆ ಬತ್ತ ಕುಟ್ಟಿ ಗೊತ್ತಿರಲಿಲ್ಲ. ಮದುವೆಯಾಗಿ ತೊಣ್ಣೂರು ಕಡೆಯ ಈ ಊರಿಗೆ ಬಂದಾಗ ಕನ್ನಂಬಾಡಿ ನೀರು ಆಗ ತಾನೇ ನಾಲೆಯಲ್ಲಿ ಹರಿದು ಬಂದಿತ್ತು, ರಾಗಿ ಹೊಲಗಳು ಒಂದೊಂದಾಗಿ ಗದ್ದೆಯಾಗುತ್ತಿದ್ದವು. ನೀರು ಬಂತು ಅಂತ ಗಂಡಸರು ಮೀಸೆ ತಿರುವಿದರು. ಬೆಳೆದ ಬತ್ತ ಅಕ್ಕಿಯಾಗಬೇಕಲ್ಲ, ಒನಕೆ ಹಿಡಿದವಳು ಮಾತ್ರ ನಾನು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಅದರ ಮೇಲೆ ಮತ್ತೆ ಬೊಬ್ಬೆ. ಅತ್ತೆ ಬಾಗಿಲಲ್ಲಿ ನಿಂತು, "ಇಂಗಲ್ಲ ಕಣೇ, ಒನಕೇನ ಆವು ಇಡ್ದಂಗೆ ಇಡೀಬ್ಯಾಡ" ಅನ್ನೋಳು. ನನಗೆ ಮೈಯೆಲ್ಲ ಉರಿ. ಸಿಟ್ಟನ್ನು ಮೂಗಿನ ತುದಿಯಲ್ಲಿಟ್ಟುಕೊಂಡೇ ಹುಟ್ಟಿದವಳು ನಾನು, ಈಗಲೂ ಅಷ್ಟೇ.

ಅಂಥಾದ್ದರಲ್ಲಿ ದೀಪಾವಳಿ ಕಳೆದ ಮೇಲೆ ಊರಿಗೊಂದು ಸುದ್ದಿ ಬಂತು. ಶ್ರೀರಂಗಪಟ್ಟಣದ ಸಾಹುಕಾರರೊಬ್ಬರು ನಮ್ಮೂರಲ್ಲಿ ಅಕ್ಕಿ ಮಿಲ್ಲು ಹಾಕುತ್ತಾರಂತೆ, ಎಣ್ಣೆ ಇಂಜಿನ್ನಿನದು. ಮೂಟೆ ಸುರಿದರೆ ಸಾಕು, ಅತ್ತ ಕಡೆಯಿಂದ ಅಕ್ಕಿ ಬೀಳುತ್ತದಂತೆ. ಅಯ್ಯೋ, ನನಗಾದ ಖುಷಿ! ನೀರು ಸೇದುವ ಬಾವಿಯ ಹತ್ತಿರವೇ ಕುಣಿದುಬಿಟ್ಟೆ.

ಆದರೆ ಮಿಲ್ಲಿಗೆ ಜಾಗ ಬೇಕಲ್ಲ. ಸಾಹುಕಾರರು ಕಣ್ಣು ಹಾಕಿದ್ದು ಊರ ಮುಂದಿನ ಬಯಲಿನ ಮೇಲೆ. ಹುಡುಗರು ಚಿನ್ನಿದಾಂಡು ಆಡುವುದು, ಹೆಂಗಸರು ಸಂಡಿಗೆ ಒಣಗಿಸುವುದು, ಮದುವೆ ಚಪ್ಪರ ಏಳುವುದು, ಎಲ್ಲ ಅಲ್ಲೇ. ಕಟಾವು ಮುಗಿದ ಮೇಲೆ ಅದೇ ಬಯಲು ಒಕ್ಕಣೆಯ ಕಣ. ಪಟೇಲರಂಥವರಿಗೆ ಹೊಲದಲ್ಲೇ ಸ್ವಂತ ಕಣ ಇತ್ತು. ನಮ್ಮಂಥ ತುಂಡು ಭೂಮಿಯವರಿಗೆ ಇದೊಂದೇ.

ನಮ್ಮತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅವಳ ಮಗ, ನಮ್ಮೋರು, ಆಗ ಇನ್ನೂ ತೊಡೆ ಮೇಲಿನ ಕೂಸು. ಆ ವರ್ಷ ರಾಶಿ ಅಳೆಯಲು ಮೈದುನ ಬಂದರೆ ಅವನ ಕೈಯಿಂದ ಕೊಳಗ ಕಿತ್ತುಕೊಂಡು ತಾನೇ ಅಳೆದಳಂತೆ. ಹೆಂಗಸು ರಾಶಿ ಅಳೆಯುವುದುಂಟೇ ಅಂತ ಜನ ಗೊಣಗಿ, ಆಮೇಲೆ ಸುಮ್ಮನಾದರು. ಊರ ಬಯಲು ತಾನೇ, ಅಲ್ಲಿ ಅವಳನ್ನು ಎದ್ದು ಹೋಗು ಅನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ಬಯಲು ಹೋದರೆ ಇನ್ನೊಬ್ಬರ ಕಣದಲ್ಲಿ ಒಕ್ಕಬೇಕು, ಅವರು ಹೇಳಿದ ದಿನಕ್ಕೆ ಕಾಯಬೇಕು, ಅವರ ಆಳು ಅಳೆದಿದ್ದನ್ನು ತರಬೇಕು. ಅವಳ ಕೈಯಿಂದ ಕೊಳಗ ಜಾರುತ್ತಿತ್ತು.

ಚಾವಡಿಯಲ್ಲಿ ಊರು ಸೇರಿತು. ಪಟೇಲರು, "ಮಿಲ್ಲು ಬಂದ್ರೆ ಊರು ಮುಂದಕ್ಕೆ ಬತ್ತದೆ ಕಣ್ರಪ್ಪ, ಬಯ್ಲು ಕೊಟ್ಬುಡನ" ಅಂದರು. ಕಣ ಇಲ್ಲದ ಬಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ಆಡಿಸಿಬಿಟ್ಟರು. ಹೆಂಗಸರು ಹೊರಗೆ ಗೋಡೆಗೊರಗಿ ನಿಂತಿದ್ದೆವು. ಅತ್ತೆ ತಿರುಗಿ ಮನೆ ಕಡೆ ನಡೆದಳು. ನಾನು ಒಳಗೊಳಗೇ ಹಿಗ್ಗಿದೆ.

ಮಾರನೇ ದಿನ ಕೋಳಿ ಕೂಗುವ ಹೊತ್ತಿಗೆ ಅತ್ತೆ ಮಗನನ್ನು ಎಬ್ಬಿಸಿದಳು. "ಏಳ್ಲಾ, ಒಂದು ಬಸರಿ ಕೊಂಬೆ ಕಡ್ಕಂಡ್ ಬಾ. ಮೇಟಿ ನೆಡ್ಬೇಕು."

ಮೇಟಿ ಅಂದರೆ ಕಣದ ನಡುವಿನ ಕಂಬ, ಎತ್ತುಗಳು ಅದನ್ನೇ ಸುತ್ತಿಕೊಂಡು ತೆನೆ ತುಳಿಯುತ್ತವೆ. ಹಾಲು ಸುರಿಸುವ ಮರದ್ದೇ ಆಗಬೇಕು. ಒಮ್ಮೆ ನೆಟ್ಟು ಪೂಜೆ ಮಾಡಿದರೆ ರಾಶಿ ಮನೆಗೆ ಹೋಗುವವರೆಗೂ ಅದನ್ನು ಯಾರೂ ಅಲುಗಿಸುವಂತಿಲ್ಲ. ಅಲುಗಿಸಿದವನ ಮನೆ ಕಣಜ ತುಂಬುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ.

"ಅವ್ವಾ, ರಾಗಿ ಇನ್ನೂ ಆಲುಗಾಳು, ಬಲ್ತೇ ಇಲ್ಲ! ಈಗ್ಲೇ ಮೇಟಿ ನೆಟ್ರೆ ಜನ ನಗಾಕಿಲ್ವಾ?" ಅಂದರು ನಮ್ಮೋರು.

"ನಗ್ಲಿ ಬುಡು. ನಕ್ರೆ ಅಲ್ಲು ಉದುರಾಕಿಲ್ಲ."

ಸೂರ್ಯ ಮೇಲೇರುವಷ್ಟರಲ್ಲಿ ಬಯಲಿನ ನಟ್ಟನಡುವೆ ಹಸಿ ಬಸರಿ ಕಂಬ ನಿಂತಿತ್ತು, ತಲೆಗೆ ಚೆಂಡುಹೂವು, ಬುಡಕ್ಕೆ ಸಗಣಿ ಬೆನಕ. ಒಣಗಿದ ಕಂಬ ನೆಡುವುದು ಪದ್ಧತಿ. ಅವಸರದಲ್ಲಿ ಅಷ್ಟೆಲ್ಲ ಯಾರು ನೋಡುತ್ತಾರೆ? ಪಟೇಲರು ಓಡೋಡಿ ಬಂದರು. ಕಂಬ ನೋಡಿದರು, ಹೂವು ನೋಡಿದರು, ಮುಟ್ಟಲು ಕೈ ಬರಲಿಲ್ಲ. "ಏನವ್ವಾ ಇದು?" ಅಂದರೆ, "ಕಣ್ ಕಾಣಾಕಿಲ್ವಾ? ಮೇಟಿ. ಕೈ ಮುಗ್ದು ಓಗಪ್ಪ" ಅಂದಳು. ಅವರು ನಿಜವಾಗಿಯೂ ಕೈ ಮುಗಿದೇ ಹೋದರು!

ಆಮೇಲೆ ನೋಡಿ ತಮಾಷೆ. ಚಾವಡಿಯಲ್ಲಿ ತಲೆ ಆಡಿಸಿದ್ದ ಬಡವರಿಗೆಲ್ಲ ಧೈರ್ಯ ಬಂತು. ಸಂಜೆಗೆ ಇನ್ನೊಂದು ಮೇಟಿ, ಮರುದಿನ ಮತ್ತಷ್ಟು. ಬಯಲ ತುಂಬ ಹೂ ಮುಡಿದ ಕಂಬಗಳು, ತುಳಿಯಲು ಒಂದು ತೆನೆಯೂ ಇಲ್ಲ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೊಬ್ಬಳು ಮುಖ ಊದಿಸಿಕೊಂಡು ಒನಕೆಯ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೆ.

ಒಂದು ದಿನ ಸಾಹುಕಾರರು ಬಯಲು ಅಳೆಯಲು ಜಟಕಾದಲ್ಲಿ ಬಂದಿಳಿದರು. ಕೋಟು, ರುಮಾಲು, ಕಿರ್ರ್ ಕಿರ್ರ್ ಅನ್ನುವ ಜೋಡು. ಕಂಬಗಳನ್ನು ನೋಡಿ ಮುಖ ಅರಳಿತು. "ಭೇಷ್! ನಾನು ಬರೋಕೆ ಮುಂಚೇನೇ ಮಿಲ್ಲಿಗೆ ಕಂಬ ನೆಟ್ಟು ಪೂಜೆಯನ್ನೂ ಮಾಡಿಬಿಟ್ಟಿದ್ದೀರಲ್ಲ! ಆದರೆ ಇದೊಂದು ಸೊಟ್ಟ ಆಗಿದೆ" ಅನ್ನುತ್ತಾ ನಮ್ಮ ಮೇಟಿಗೇ ಕೈ ಹಾಕಿದರು.

"ಹೋ ಹೋ ಹೋ!" ಅಂತ ಊರೆಲ್ಲ ಕೂಗಿಕೊಂಡಿತು. ಸಾಹುಕಾರರು ಬೆಂಕಿ ಮುಟ್ಟಿದವರ ಹಾಗೆ ಕೈ ತೆಗೆದರು. ಅತ್ತೆ ಮುಂದೆ ಬಂದು, "ಕೆರ ಬುಟ್ಟು ಬನ್ನಿ ಸ್ವಾಮಿ, ಇದು ಕಣ" ಅಂದಳು. ಪಟೇಲರು ನಾಚಿಕೊಂಡು ವಿಷಯ ಬಿಡಿಸಿ ಹೇಳಿದರು. ಪುಣ್ಯಾತ್ಮ ಕೋಪ ಮಾಡಿಕೊಳ್ಳಲಿಲ್ಲ. ಜೋಡು ಬಿಚ್ಚಿ ಕೈಯಲ್ಲಿ ಹಿಡಿದು, "ನಮ್ಮಜ್ಜಂದೂ ಕಣ ಇತ್ತಮ್ಮ, ಮೇಟಿ ಕೀಳೋ ಪಾಪ ನನಗೆ ಬೇಡ. ಬೇರೆ ಊರು ನೋಡ್ಕೋತೀನಿ" ಅಂತ ಜಟಕಾದ ಕಡೆ ತಿರುಗಿದರು.

ಹಿರಿಯರು, ಗಂಡಸರು, ಯಾವುದೂ ನೆನಪಾಗಲಿಲ್ಲ. "ಮಿಲ್ಲು ಓಗ್ಬುಟ್ರೆ ಬತ್ತ ಕುಟ್ಟೋರ್ಯಾರು? ನೀವು ಕುಟ್ತೀರಾ? ನಿಮ್ಗೆಲ್ಲ ಉಣ್ಣಾದೊಂದು ಗೊತ್ತು!" ಅಂತ ಕಿರುಚಿಬಿಟ್ಟೆ. ನಮ್ಮೋರು ನೆಲ ನೋಡುತ್ತಾ ನಿಂತರು.

ಅತ್ತೆ ನೆಟ್ಟಗೆ ನನ್ನ ಕಡೆಗೇ ಬಂದಳು. ಕೆನ್ನೆಗೆ ಬಿತ್ತು ಅಂದುಕೊಂಡೆ. ಅವಳು ನನ್ನ ಕೈ ಹಿಡಿದೆಳೆದುಕೊಂಡು ಹೋಗಿ ಅಂಗೈ ಬಿಡಿಸಿ ಸಾಹುಕಾರರಿಗೆ ತೋರಿಸಿದಳು. "ನೋಡಿ ಸ್ವಾಮಿ, ನಮ್ಮನೆ ಮಗೀನ ಕೈ. ಇವ್ಳು ಬಂದಾಗ ಇದು ಇಂಗಿರ್ಲಿಲ್ಲ. ನಂಗೂ ಮಿಲ್ಲು ಬೇಕು. ಕಣನೂ ಬೇಕು. ನಾಲೆ ಸೇತ್ವೆ ತಾವ ರಸ್ತೆಗಂಟ್ಕಂಡಂಗೆ ನಂದೊಂದು ಕಲ್ಲುಬೋರೆ ಅದೆ, ಉಳ್ಳಿಕಾಳೂ ಬೆಳೆಯಾಕಿಲ್ಲ. ಅಲ್ಲಿ ಆಕಿ ನಿಮ್ಮ ಮಿಲ್ಲ. ನನ್ ಸೊಸೆ ಬತ್ತ ತಂದಾಗ ಕಾಸು ಕೇಳ್ಬ್ಯಾಡಿ, ಅಷ್ಟೇಯ."

ದಿನಾ ಬಾಗಿಲಲ್ಲಿ ನಿಂತು ಒನಕೆಯನ್ನು ನೋಡುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳು ನೋಡುತ್ತಿದ್ದದ್ದು ನನ್ನ ಕೈಯನ್ನು. ಅಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಸೇತುವೆಯ ಕಡೆ ನಡೆದೇಬಿಟ್ಟಳು. ಹಿಂದೆ ಜೋಡು ಹಿಡಿದ ಸಾಹುಕಾರರು, ಅವರ ಹಿಂದೆ ಪಟೇಲರು, ಅವರ ಹಿಂದೆ ಇಡೀ ಊರು. ರಸ್ತೆ ಪಕ್ಕದ ಗಟ್ಟಿ ನೆಲ ನೋಡಿ ಸಾಹುಕಾರರು, "ಇದೇ ಚೆನ್ನಾಗಿದೆಯಲ್ಲಮ್ಮ, ಗಾಡಿ ಬರೋಕೂ ಅನುಕೂಲ, ಮೊದಲೇ ಯಾಕೆ ಹೇಳಲಿಲ್ಲ?" ಅಂದರು. "ನೀವು ಕೇಳಿದ್ದು ಯಾರ್ನ?" ಅಂದಳು ಅತ್ತೆ. ಪಟೇಲರೂ ನಕ್ಕರು.

ಸಂಕ್ರಾಂತಿ ಹೊತ್ತಿಗೆ ಸೇತುವೆ ಪಕ್ಕ ಮಿಲ್ಲಿನ ಗೋಡೆ ಏಳುತ್ತಿತ್ತು, ಬಯಲಲ್ಲಿ ನಮ್ಮ ಒಕ್ಕಣೆ ನಡೆಯುತ್ತಿತ್ತು. ಪೂಜೆಯ ನೆವದಲ್ಲಿ ಅತ್ತೆ ದಿನಾ ಒಂದು ತಂಬಿಗೆ ನೀರು ಸುರಿದದ್ದಕ್ಕೋ ಏನೋ, ಹಸಿ ಮೇಟಿ ಚಿಗುರಿಬಿಟ್ಟಿತ್ತು! ಎತ್ತುಗಳು ತುಳಿಯುವುದು ಬಿಟ್ಟು ಸುತ್ತು ಸುತ್ತಿಗೂ ಚಿಗುರಿಗೆ ಬಾಯಿ ಹಾಕುವವು, ನಮ್ಮೋರು ಗದರುವರು, ಹುಡುಗರು ಕೇಕೆ ಹಾಕುವರು. ರಾಶಿಯಾದ ಮೇಲೆ ನಮ್ಮೋರು, "ಅವ್ವಾ, ಮೇಟಿ ಕೀಳ್ಲಾ?" ಅಂತ ಕೇಳಿದರು.

"ಬುಡ್ಲಾ. ಬೇರು ಬುಟ್ಟೈತೆ, ಇಲ್ಲೇ ಇರ್ಲಿ."

ರಾಶಿಗೆ ಪೂಜೆ ಆಯಿತು. ಅತ್ತೆ ಕೊಳಗವನ್ನು ಕಣ್ಣಿಗೊತ್ತಿಕೊಂಡಳು. ಇನ್ನು ಅಳೆಯಲು ಕೂರುತ್ತಾಳೆ ಅಂತ ನಾನು ಪಕ್ಕಕ್ಕೆ ಸರಿದೆ. ಅವಳು ಕೂರಲಿಲ್ಲ. ಕೊಳಗವನ್ನು ನನ್ನ ಕೈಗಿಟ್ಟು, "ಕೂತ್ಕೋ. ಮೊದ್ಲು ಕೊಳಗಕ್ಕೆ ಒಂದು ಅನ್ಬಾರ್ದು, ಲಾಭ ಅನ್ಬೇಕು. ಊರಿಗೆ ಕೇಳಂಗೆ ಅನ್ನು, ಕಿರುಚಾಕೆ ನಿಂಗೇನು ಯೋಳ್ಕೊಡ್ಬೇಕಾ" ಅಂದಳು.

ನಗು, ಅಳು ಎರಡೂ ಒಟ್ಟಿಗೇ ಬಂತು. ಕೊಳಗ ತುಂಬಿ, ಎದೆಯಲ್ಲಿದ್ದ ಉಸಿರೆಲ್ಲ ಸೇರಿಸಿ "ಲಾಭ" ಅಂದೆ. ಸೇತುವೆಯ ಹತ್ತಿರ ಗೋಡೆ ಕಟ್ಟುತ್ತಿದ್ದವರು ಕೆಲಸ ನಿಲ್ಲಿಸಿ ನಮ್ಮ ಕಡೆ ತಿರುಗಿ ನೋಡಿದರು.